ಪಂಪನ ಹುಟ್ಟೂರು

ಆದಿಕವಿ ಪಂಪನು ಹುಟ್ಟಿದುದೆಲ್ಲಿ? ಬನವಾಸಿಯಲ್ಲೆಂದು ಕೆಲವರು, ಅಣ್ಣಿಗೇರಿಯಲ್ಲೆಂದು ಹಲವರು, ಆಂಧ್ರದೇಶದ ವೆಂಗಿನಾಡಿನಲ್ಲೆಂದು ಮತ್ತೆ ಕೆಲವರು. ನಾವು ಕಾಲೇಜಿನಲ್ಲಿ ಪಂಪಭಾರತವನ್ನು ಪಾಠ ಹೇಳುವಾಗ ಈ ಪ್ರಶ್ನೆ ವರ್ಷವರ್ಷವೂ ಏಳುತ್ತದೆ. ತರಗತಿಯಲ್ಲಿ ಧಾರವಾಡ ಸೀಮೆಯ ಒಬ್ಬ ವಿದ್ಯಾರ್ಥಿಯಿದ್ದರಂತೂ ಗಂಟೆ ಬಾರಿಸಿದರೂ ವಾದ ಮುಗಿಯದು.

ಬನವಾಸಿಯ ಪಕ್ಷಕ್ಕೆ ಆಧಾರವೆಲ್ಲ ಅರ್ಜುನನ ತೀರ್ಥಯಾತ್ರೆಯ ಸಂದರ್ಭದಲ್ಲಿ ಬರುವ ಪದ್ಯಗಳು. ಅವು ಆ ನಾಡಿನ ಮೇಲಣ ಪ್ರೀತಿಗೆ ಸಾಕ್ಷಿ, ಹುಟ್ಟಿಗೆ ಅಲ್ಲ. ಕವಿಯೇ ತನ್ನ ವಂಶವನ್ನು ಹೇಳಿಕೊಳ್ಳುವಾಗ ವೆಂಗಿಪಳು, ನಿಡುಗುಂದಿ, ವಿಕ್ರಮಪುರ ಮುಂತಾದ ಊರುಗಳ ಹೆಸರನ್ನೆತ್ತುತ್ತಾನೆ. ಆದರೆ ನಿಡುಗುಂದಿಯೆಂಬ ಊರು ಕನ್ನಡನಾಡಿನಲ್ಲಿಯೂ ಉಂಟು. ಹೆಸರಿನ ಹೋಲಿಕೆಯನ್ನೇ ನೆಚ್ಚಿ ನಡೆದವರು ದಾರಿ ತಪ್ಪುವುದಕ್ಕೆ ಇಷ್ಟು ಸಾಕು.

ರೈಸ್ ಸಾಹೇಬರು 1898ರಲ್ಲಿ ಪಂಪಭಾರತವನ್ನು ಅಚ್ಚು ಹಾಕಿಸಿದಾಗ ವಿದ್ವಾಂಸರಿಗೆ ಕಾವ್ಯದ ಮಾತೇ ಗತಿಯಾಗಿದ್ದಿತು. ಆ ಬಳಿಕ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿ, ಬೊಮ್ಮಲಗುಟ್ಟವೆಂಬ ಬೆಟ್ಟದ ಬಂಡೆಯ ಮೇಲೆ, ಪಂಪನ ತಮ್ಮ ಜಿನವಲ್ಲಭನು ಕೊರೆಯಿಸಿದ ಹತ್ತನೆಯ ಶತಮಾನದ ಶಾಸನ ಬೆಳಕಿಗೆ ಬಂದಿತು. ಸಂಸ್ಕೃತ, ಕನ್ನಡ, ತೆಲುಗು ಮೂರೂ ಅದರಲ್ಲಿವೆ. ಅದು ಹೇಳುವುದು ಸ್ಪಷ್ಟ: ತಾನು ವೆಂಗಿನಾಡಿನ ಸಪ್ತಗ್ರಾಮಗಳೊಳಗಣ ವಂಗಿಪರ್ರಿನ ಕಮ್ಮೆ ಬ್ರಾಹ್ಮಣ, ಶ್ರೀವತ್ಸಗೋತ್ರದವನು, ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೆರೆಯ ಜೋಯಿಸ ಸಿಂಘನ ಮೊಮ್ಮಗಳು. ಕಾವ್ಯದ ವೆಂಗಿಪಳುವೂ ಶಾಸನದ ವಂಗಿಪರ್ರೂ ಒಂದೇ ಊರೆಂಬುದರಲ್ಲಿ ನಮಗೆ ಸಂಶಯವಿಲ್ಲ.

ಹಾಗಾದರೆ ವಾದ ಮುಗಿಯಿತೆ? ಇಲ್ಲಿಯೇ ಸ್ವಲ್ಪ ನಿಂತು ನೋಡಬೇಕು. ನಮ್ಮ ಹಳೆಯ ದಾನಶಾಸನಗಳು ಆ ಕಾಲದ ಭೂಮಿಯ ದಾಖಲೆಗಳೇ ಸರಿ. ಭೂಮಿಯನ್ನು ಪಡೆದವನ ಗೋತ್ರ, ತಂದೆಯ ಹೆಸರು, ಮನೆತನದ ಊರು ಇವನ್ನು ಬರೆಯಿಸುತ್ತಿದ್ದುದು ಹಕ್ಕನ್ನು ಉಳಿಸುವುದಕ್ಕಾಗಿ, ಮುಂದೆ ಬೇರೊಬ್ಬನು ಅದೇ ಹೆಸರಿನಿಂದ ಬಂದು ತಕರಾರು ಹೂಡಬಾರದೆಂದು. ಜಿನವಲ್ಲಭನು ತನ್ನ ಗುರುತು ಹೇಳಿಕೊಂಡಿರುವ ರೀತಿಯೂ ಇದೇ. ಹೀಗೆ ಬರುವ ಊರು ಮನೆತನದ ಮೂಲಸ್ಥಳ. ತೊಟ್ಟಿಲು ಕಟ್ಟಿದ ಊರೇ ಆಗಬೇಕೆಂಬ ನಿಯಮವಿಲ್ಲ. ಈ ಮಾತು ಕೇಳುಗರಿಗೆ ಹೊಸದಲ್ಲ. ನಮ್ಮ ಹೆಸರುಗಳ ಮುಂದೆ ಒಂದು ಊರಿನ ಅಕ್ಷರವನ್ನು ಹೊತ್ತು ತಿರುಗುವ ನಮ್ಮಲ್ಲಿ ಎಷ್ಟು ಮಂದಿ ಆ ಊರನ್ನು ಕಣ್ಣಿನಿಂದ ಕಂಡಿದ್ದೇವೆ?

ಅಣ್ಣಿಗೇರಿಯ ಪಕ್ಷದವರು ಚೊಚ್ಚಲ ಹೆರಿಗೆ ತವರಿನಲ್ಲಾಗುವ ವಾಡಿಕೆಯನ್ನು ಮುಂದೆ ಮಾಡುತ್ತಾರೆ. ವಾಡಿಕೆ ನಿಜ. ಆದರೆ ಶಾಸನವು ಅಣ್ಣಿಗೆರೆಯನ್ನು ಹೇಳುವುದು ಅಬ್ಬಣಬ್ಬೆಯ ಅಜ್ಜನ ಊರೆಂದು ಮಾತ್ರ; ಪ್ರಸವದ ಮಾತು ಅಲ್ಲಿಲ್ಲ. ಪಂಪನು ಹುಟ್ಟಿದ ವರ್ಷ 902 ಎಂದು ಅವನ ಮಾತಿನಿಂದಲೇ ಲೆಕ್ಕ ಹಾಕುತ್ತೇವೆ. ಹುಟ್ಟಿದ ಊರಿಗೆ ಅಂಥ ಒಂದು ಸಾಲೂ ಇಲ್ಲ. ಆದಕಾರಣ, ತಂದೆಯ ಕಡೆಯಿಂದ ವಂಗಿಪರ್ರು, ತಾಯಿಯ ಕಡೆಯಿಂದ ಅಣ್ಣಿಗೇರಿ ಎಂದಿಷ್ಟೇ ನಾವು ಹೇಳಬಲ್ಲೆವು. ತೆಲುಗರೂ ಕನ್ನಡಿಗರೂ ಅವನನ್ನು ತಮ್ಮ ಕಡೆಗೆ ಎಳೆದುಕೊಳ್ಳುವಾಗ ಈ ಎರಡರಲ್ಲಿ ಒಂದನ್ನು ಮರೆಮಾಚುವುದು ನ್ಯಾಯವಲ್ಲ. ಧಾರವಾಡದ ಹುಡುಗನಿಗೆ ಈ ಉತ್ತರ ರುಚಿಸುವುದಿಲ್ಲ. ಅವನ ಮೇಲೆ ನಮಗೆ ಕೋಪವೂ ಇಲ್ಲ.

ಪಂಪನ ನೆಲ ಇದೇ ಎಂದು ಬೆರಳಿಟ್ಟು ತೋರಿಸಬಹುದಾದ ಊರು ಬೇರೊಂದುಂಟು. ಭಾರತವನ್ನು ರಚಿಸಿದುದಕ್ಕಾಗಿ ಅರಿಕೇಸರಿಯು ಅವನಿಗೆ ಅಗ್ರಹಾರವಾಗಿ ಕೊಟ್ಟ ಧರ್ಮವುರ ಅದು. ಅದನ್ನು ಕಾವ್ಯವೂ ಹೇಳುತ್ತದೆ, ಬಂಡೆಯೂ ಹೇಳುತ್ತದೆ. ಜಿನವಲ್ಲಭನು ತನ್ನ ಬೆಟ್ಟದ ನೆಲೆಯನ್ನು ಗುರುತಿಸುವುದೂ ಸಬ್ಬಿನಾಡಿನ ನಡುವಣ ಈ ಧರ್ಮವುರದಿಂದಲೇ. ಬೆಟ್ಟದಲ್ಲಿ ಅವನು ಜಿನಬಿಂಬಗಳನ್ನು ಮಾಡಿಸಿದನು, ತ್ರಿಭುವನತಿಲಕವೆಂಬ ಬಸದಿಯನ್ನೆತ್ತಿಸಿದನು, ಮದನವಿಲಾಸವೆಂಬ ತೋಟವನ್ನು ಬೆಳೆಸಿದನು. ಕೆರೆಯೊಂದನ್ನು ಕಟ್ಟಿಸಿ ಅದಕ್ಕೆ ಅಣ್ಣನ ಬಿರುದನ್ನೇ ಇಟ್ಟು ಕವಿತಾಗುಣಾರ್ಣವವೆಂದು ಕರೆದನು.