ಶಾಲೆ ಹೊರಗಿಟ್ಟ ಭಾಷೆ, ವೇದಿಕೆ ಉಳಿಸಿದ ಭಾಷೆ

ರೌಂಡ್ ರಾಕ್, ಆಸ್ಟಿನ್ ಕಡೆ ಇರೋರಿಗೆ ಸ್ಪ್ಯಾನಿಷ್ ಹಾಡು ಹೊಸದಲ್ಲ. ಟಾಕೋ ಅಂಗಡಿಯಲ್ಲಿ, ಪಕ್ಕದ ಕಾರಿನಲ್ಲಿ ಕೇಳ್ತಾನೇ ಇರ್ತೀವಿ. ಆದರೆ ಇದೇ ಟೆಕ್ಸಸ್‌ನಲ್ಲಿ ಒಂದು ಕಾಲದಲ್ಲಿ ಶಾಲೆಯೊಳಗೆ ಸ್ಪ್ಯಾನಿಷ್ ಮಾತಾಡಿದ ಮಕ್ಕಳಿಗೆ ಶಿಕ್ಷೆ ಆಗ್ತಿತ್ತು, ಗೊತ್ತಾ? 1918ರ ಕಾನೂನಿನ ಪ್ರಕಾರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡುವುದೇ ಅಪರಾಧ. ಆ ಕಟ್ಟು ಸಡಿಲವಾಗಿದ್ದು 1969ರಲ್ಲಿ. ಅಲ್ಲಿಯವರೆಗೆ ಆ ಭಾಷೆಯನ್ನು ಎಲ್ಲರೆದುರು ಎತ್ತಿ ಹಿಡಿದವರಲ್ಲಿ ಹಾಡುವ ಹೆಣ್ಣುಮಕ್ಕಳೂ ಇದ್ದರು.

ಲಿಡಿಯಾ ಮೆಂಡೋಝಾ ಹುಟ್ಟಿದ್ದು 1916ರಲ್ಲಿ, ಹ್ಯೂಸ್ಟನ್‌ನಲ್ಲಿ. 1930ರ ದಶಕದಲ್ಲಿ ಅವರ ಕುಟುಂಬ ಸ್ಯಾನ್ ಆಂಟೋನಿಯೋದ ಸಂತೆ ಬಯಲಿನಲ್ಲಿ ಚಿಲ್ಲರೆ ಕಾಸಿಗೆ ಹಾಡುತ್ತಿತ್ತು. 1934ರಲ್ಲಿ ಹನ್ನೆರಡು ತಂತಿಯ ಗಿಟಾರ್ ಹಿಡಿದು ಒಬ್ಬರೇ ಹಾಡಿದ ‘ಮಾಲ್ ಓಂಬ್ರೆ’ ಮನೆಮಾತಾಯಿತು. ಮೋಸ ಮಾಡಿದ ಗಂಡಸನ್ನು ಹೆಣ್ಣೊಬ್ಬಳು ನೇರವಾಗಿ ತರಾಟೆಗೆ ತಗೊಳ್ಳೋ ಹಾಡು ಅದು. ಅದರ ಸಾಹಿತ್ಯ ಅವರಿಗೆ ಸಿಕ್ಕಿದ್ದು ಚಿಕ್ಕಂದಿನಲ್ಲಿ, ಚೂಯಿಂಗ್ ಗಮ್ ಸುತ್ತಿದ್ದ ಕಾಗದದ ಮೇಲೆ! ಅದೇ ದಶಕದಲ್ಲಿ ಮೆಕ್ಸಿಕೋ ಮೂಲದ ಲಕ್ಷಾಂತರ ಜನರನ್ನು, ಅಮೆರಿಕದ ಪೌರರನ್ನೂ ಸೇರಿಸಿ, ಗಡಿಯಾಚೆ ಕಳಿಸಲಾಯಿತು. ಅಂಥ ಹೊತ್ತಿನಲ್ಲಿ ಬಯಲಲ್ಲಿ ನಿಂತು ಸ್ಪ್ಯಾನಿಷ್‌ನಲ್ಲಿ ಹಾಡುವುದಕ್ಕೆ ಬೇರೆ ಘೋಷಣೆ ಬೇಕಿರಲಿಲ್ಲ. 1999ರಲ್ಲಿ ಇದೇ ದೇಶ ಅವರಿಗೆ ರಾಷ್ಟ್ರೀಯ ಕಲಾ ಪದಕ ಕೊಟ್ಟಿತು.

ಮುಂದಿನವರು ಇನ್ನೂ ಬಿಡಿಸಿ ಹೇಳಿದರು. ಆಸ್ಟಿನ್‌ನಲ್ಲಿ ಹೆಸರು ಮಾಡಿದ ಟಿಶ್ ಇನೊಹೋಸಾ, ಹೊಲದಲ್ಲಿ ದುಡಿಯುವವರ ಮೈಗೆ ಕೀಟನಾಶಕ ಮಾಡುವ ಹಾನಿಯ ಬಗ್ಗೆಯೇ ಹಾಡು ಕಟ್ಟಿದರು.

ಇನ್ನು ಸೆಲೀನಾ. ನಮ್ಮ ಓದುಗರಿಗೆ ತುಂಬಾ ಹತ್ತಿರದ ಕಥೆ ಇದು. 1971ರಲ್ಲಿ ಹುಟ್ಟಿದ ಈಕೆಗೆ ಮೊದಲು ಬಂದದ್ದು ಇಂಗ್ಲಿಷ್. ಸ್ಪ್ಯಾನಿಷ್ ಹಾಡುಗಳನ್ನು ಅಪ್ಪನಿಂದ, ಉಚ್ಚಾರಣೆ ಕೇಳಿ ಕೇಳಿಯೇ ಕಲಿತರು. ಹಾಡುತ್ತಾ ಹಾಡುತ್ತಾ ಭಾಷೆಯೂ ಬಂತು. 1995ರ ಫೆಬ್ರವರಿ 26ರಂದು ಹ್ಯೂಸ್ಟನ್ ರೋಡಿಯೋದಲ್ಲಿ (ನಮ್ಮ ದನದ ಜಾತ್ರೆಯ ದೊಡ್ಡ ರೂಪ ಅನ್ನಿ) 60 ಸಾವಿರಕ್ಕೂ ಹೆಚ್ಚು ಜನರ ಮುಂದೆ ಇಂಗ್ಲಿಷ್ ಡಿಸ್ಕೋ ಹಾಡುಗಳಿಂದ ಶುರು ಮಾಡಿ ಸ್ಪ್ಯಾನಿಷ್‌ಗೆ ಹೊರಳಿದರು. ಅದಾಗಿ ತಿಂಗಳು ಕಳೆಯುತ್ತಲೇ ಅವರ ಕೊಲೆಯಾಯಿತು. ಆಗ ಅವರಿಗೆ ಬರೀ 23 ವರ್ಷ.

ನಮ್ಮ ಸ್ಥಿತಿ ಅವರಂಥದ್ದಲ್ಲ, ನಿಜ. ಕನ್ನಡ ಮಾತಾಡಿದ್ದಕ್ಕೆ ಇಲ್ಲಿ ಯಾರೂ ನಮ್ಮ ಮಕ್ಕಳಿಗೆ ಹೊಡೆದಿಲ್ಲ. ವೀಸಾ, ಡಿಗ್ರಿ ಹಿಡಿದು ಬಂದವರು ನಾವು. ನಮ್ಮಲ್ಲಿ ಭಾಷೆ ಸದ್ದಿಲ್ಲದೆ ಜಾರಿಹೋಗುತ್ತೆ, ಅಷ್ಟೇ. ಆದರೂ ರಾಜ್ಯೋತ್ಸವಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಬರ್ಕೊಂಡು ಕನ್ನಡ ಹಾಡುವ ಮಗುವನ್ನು ನೋಡಿ “ಅರ್ಥನೇ ಗೊತ್ತಿಲ್ಲ ಪಾಪ” ಅಂತ ನಗೋ ಮುಂಚೆ ಸೆಲೀನಾರನ್ನು ನೆನೆಸಿಕೊಳ್ಳಿ. ನೀವೇ ಆ ಹಾಡುವವರಾದರೆ, ‘ಳ’ ಸರಿಯಾಗಿ ಹೊರಳಲಿ ಅಂತ ಕಾಯಬೇಡಿ. ಮೈಕ್ ತಗೊಳ್ಳಿ. ಅರ್ಥವನ್ನು ಮನೆಗೆ ಹೋಗೋ ದಾರಿಯಲ್ಲಿ ಅಜ್ಜಿಗೆ ಫೋನ್ ಮಾಡಿ ಕೇಳಿದರಾಯಿತು.