ಹೆಗ್ಗೋಡಿನ ಬಸ್ಸು ನಮ್ಮ ಶಾಲೆಯ ಅಂಗಳಕ್ಕೆ

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗೆಳೆಯರು ಕೇಳಿದಾಗ, ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿದ್ದಿರಬೇಕು. ಆದರೆ ಶಾಲೆ ಎಂದೊಡನೆ ನನಗೆ ನೆನಪಾಗುವುದು ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಪ್ರಾರ್ಥನಾ ಕಟ್ಟೆಯ ಮೇಲೆ ನಡೆದ ಎರಡು ರಾತ್ರಿಯ ನಾಟಕ. ಆಡಿದವರು ನೀನಾಸಮ್ ತಿರುಗಾಟದವರು. ಅವರು ಎಲ್ಲಿಯವರು, ನಮ್ಮೂರಿಗೇಕೆ ಬಂದರು ಎಂದು ಆಗ ಯೋಚಿಸಲಿಲ್ಲ. ಬೆಂಗಳೂರು ಸೇರಿದ ಮೇಲೆ ಓದಿ, ಎರಡು ಬಾರಿ ಹೋಗಿ ನೋಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡು ದೊಡ್ಡ ಊರೇನೂ ಅಲ್ಲ. ಅಡಿಕೆ ತೋಟ, ದೂರದೂರದ ಮನೆಗಳು, ಮಳೆಗಾಲವೆಂದರೆ ಹಗಲೂ ರಾತ್ರಿ ಮಳೆ. 1949ರಲ್ಲಿ ಅಲ್ಲಿನ ತರುಣರು ಸೇರಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಆ ಉದ್ದ ಹೆಸರೇ ಕುಗ್ಗಿ ನೀನಾಸಮ್ ಆಯಿತು. ಹಬ್ಬಕ್ಕೊಂದು ನಾಟಕ ಆಡುವ ಇಂಥ ಸಂಘಗಳು ನಮ್ಮ ಕಡೆಯೂ ಇದ್ದವು, ಹುಡುಗರಿಗೆ ಮದುವೆಯಾದೊಡನೆ ಮುಚ್ಚಿಹೋದವು. ಹೆಗ್ಗೋಡಿನದು ಉಳಿದದ್ದಕ್ಕೆ ಮುಖ್ಯ ಕಾರಣ ಕೆ.ವಿ. ಸುಬ್ಬಣ್ಣ. 1932ರಲ್ಲಿ ಹುಟ್ಟಿದ ಅವರು ಮೈಸೂರಿನಲ್ಲಿ ಓದಿ, ನೌಕರಿ ಹುಡುಕದೆ ತೋಟಕ್ಕೇ ಮರಳಿದರು. ತೋಟ ನೋಡಿಕೊಳ್ಳುತ್ತಲೇ ಅಕ್ಷರ ಪ್ರಕಾಶನ ನಡೆಸಿದರು, ನಾಟಕ ಬರೆದರು, ಅನುವಾದಿಸಿದರು.

1972ರ ಹೊತ್ತಿಗೆ ಅಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದಿತು. ಮರುವರ್ಷ ಚಿತ್ರಸಮಾಜ ಶುರುವಾಯಿತು. ಮುಂದೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಬಂದು ಸಿನಿಮಾ ನೋಡುವುದನ್ನು ಕಲಿಸಿದರು. 'ಪಥೇರ್ ಪಾಂಚಾಲಿ', 'ರಾಶೋಮನ್' ಚಿತ್ರಗಳನ್ನು ಅಡಿಕೆ ಸುಲಿಯುವ ಜನ ಕೂತು ನೋಡಿ ಚರ್ಚಿಸಿದ ಊರು ಅದು. 'ರಾಶೋಮನ್' ನಾನು ಮೊದಲು ನೋಡಿದ್ದು ಲ್ಯಾಪ್‌ಟಾಪಿನಲ್ಲಿ, ಒಬ್ಬನೇ, ಇಪ್ಪತ್ತೆಂಟನೇ ವಯಸ್ಸಿನಲ್ಲಿ.

1980ರಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. ಅದನ್ನು ಬೆಳೆಸಿದವರಲ್ಲಿ ಮುಖ್ಯರು ಚಿದಂಬರರಾವ್ ಜಂಬೆ. ಉತ್ತರ ಕನ್ನಡದ ಮಂಚೀಕೇರಿ ಕಡೆಯ ಸಿದ್ದಿ ಜನರ ನಡುವೆ ಅವರು ಮಾಡಿದ ಕೆಲಸವನ್ನು ಹೇಳಲೇಬೇಕು. ಸಿದ್ದಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ತರಲ್ಪಟ್ಟವರ ಸಂತತಿ. ಆಫ್ರಿಕಾದ ಲೇಖಕ ಚಿನುವ ಅಚಿಬೆಯ ಕಾದಂಬರಿಯನ್ನೇ ಕನ್ನಡ ನಾಟಕವಾಗಿಸಿ ಅವರಿಂದ ಆಡಿಸಿದರು. ಮುಂದೆ ಆ ಸಮುದಾಯದ ಮಕ್ಕಳು ಹೆಗ್ಗೋಡಿಗೆ ಬಂದು ಕಲಿತು ನಟರಾದರು.

ಕಲಿತ ನಟರಿಗೆ ಮುಂದೇನು? ಹವ್ಯಾಸಿ ತಂಡ ಸಂಬಳ ಕೊಡುವುದಿಲ್ಲ. ಕಂಪನಿ ನಾಟಕಗಳು ಆಗಲೇ ಸೊರಗಿದ್ದವು. ಇದಕ್ಕೆ 1985ರಲ್ಲಿ ಕಂಡುಕೊಂಡ ಉತ್ತರ ತಿರುಗಾಟ. ಮಳೆಗಾಲದಲ್ಲಿ ಹೆಗ್ಗೋಡಿನಲ್ಲಿ ತಾಲೀಮು, ಮಳೆ ನಿಂತ ಮೇಲೆ ನಟರು, ಬೆಳಕು, ರಂಗಸಜ್ಜಿಕೆ ಎಲ್ಲವನ್ನೂ ಏರಿಸಿಕೊಂಡು ನಾಡೆಲ್ಲ ಸುತ್ತುವುದು. ವರ್ಷಕ್ಕೆ ನೂರಕ್ಕೂ ಹೆಚ್ಚು ಪ್ರದರ್ಶನ. ನಮ್ಮದೇ ಜಿಲ್ಲೆಯ ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಹೀಗೇ ಊರೂರು ಸುತ್ತುತ್ತಿದೆ.

ಇಂಜಿನಿಯರ್ ಬುದ್ಧಿಗೆ ಇಲ್ಲಿ ಒಂದು ಸಂಗತಿ ಹೊಳೆಯುತ್ತದೆ. ಕಂಪನಿಯವರು ಒಂದೂರಿನಲ್ಲಿ ಥಿಯೇಟರ್ ಹಾಕಿ ತಿಂಗಳುಗಟ್ಟಲೆ ಕ್ಯಾಂಪ್ ಮಾಡುತ್ತಿದ್ದರು. ಜನ ಬರಲಿ ಬಿಡಲಿ, ಹೊರೆ ಮಾಲೀಕನ ತಲೆಗೆ. ತಿರುಗಾಟ ಒಂದೆರಡು ರಾತ್ರಿ ಆಡಿ ಮುಂದಿನೂರಿಗೆ ಹೊರಡುತ್ತದೆ. ಥಿಯೇಟರಿನ ಖರ್ಚಿಲ್ಲ, ನಿಜ. ಆದರೆ ಪ್ರತಿ ಊರಿನಲ್ಲೂ ಜಾಗ ಹಿಡಿದು, ಊಟ ಹಾಕಿ, ಟಿಕೆಟ್ ಮಾರಿ, ಒಪ್ಪಿದ ಹಣ ಎಣಿಸಿಕೊಡುವ ಒಬ್ಬರು ಬೇಕು. ಅವರಿಲ್ಲದಿದ್ದರೆ ಬಸ್ಸು ಆ ಊರಿಗೆ ತಿರುಗುವುದಿಲ್ಲ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಅವರ ಬಗ್ಗೆ ಪುಸ್ತಕಗಳಿವೆ. ಈ ಊರೂರಿನವರ ಬಗ್ಗೆ ಯಾರು ಬರೆದಾರು?

ನಮ್ಮೂರಿನಲ್ಲಿ ಆ ಒಬ್ಬರು ನಮ್ಮ ಕನ್ನಡ ಮೇಷ್ಟ್ರು. ಹೆಸರು ಬರೆದರೆ ಈಗಲೂ ಬೈಯುತ್ತಾರೆ, ಆದ್ದರಿಂದ ಬರೆಯುವುದಿಲ್ಲ. ನಟರಿಗೆಲ್ಲ ಅವರ ಮನೆಯಲ್ಲೇ ಮುದ್ದೆ ಊಟ. ಕರಾವಳಿ ಕಡೆಯ ನಟರೊಬ್ಬರು ಮುದ್ದೆಯನ್ನು ಅಗಿಯುತ್ತಾ ಕುಳಿತಿದ್ದನ್ನು ಕಂಡು ನಾವು ಬಿದ್ದು ಬಿದ್ದು ನಕ್ಕೆವು, ಮೇಷ್ಟ್ರು ಗದರಿದರು. ಹಿಂದಿನ ರಾತ್ರಿ ರಾಜನಾಗಿ ಗುಡುಗಿದವರು ಬೆಳಿಗ್ಗೆ ಲುಂಗಿ ಕಟ್ಟಿ ಪೆಟ್ಟಿಗೆ ಹೊರುತ್ತಿದ್ದರು. ನನಗೆ ನಾಟಕಕ್ಕಿಂತ ಅದೇ ದೊಡ್ಡ ಆಶ್ಚರ್ಯವಾಗಿ ಕಂಡಿತ್ತು.

ಟಿಕೆಟ್ ಮಾರುವ ಕೆಲಸ ನಮ್ಮದು. ತಲೆಗೆ ಇಪ್ಪತ್ತು, ಒಂದಕ್ಕೆ ಹತ್ತು ರೂಪಾಯಿ. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಸೋದರತ್ತೆಯ ಮನೆ ಎಲ್ಲ ಸುತ್ತಿ ಹದಿನಾಲ್ಕು ಮಾರಿದೆ. ಮೇಷ್ಟ್ರಿಗೆ ಕೊಟ್ಟಿದ್ದು ಹನ್ನೊಂದರ ದುಡ್ಡು. ಉಳಿದ ಮೂವತ್ತು ರೂಪಾಯಿಯಲ್ಲಿ ಕ್ರಿಕೆಟ್ ಬಾಲ್ ಬಂತು. ಒಂಬತ್ತು ಟಿಕೆಟ್ ಕಳೆದುಹೋದವು ಸಾರ್ ಎಂದೆ. ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡು, "ಆಯ್ತು ಹೋಗಪ್ಪ" ಎಂದರು, ಅಷ್ಟೇ.

ಬಿ.ಇ. ಮುಗಿದ ವರ್ಷ ಅವರ ಮನೆಗೆ ಹೋಗಿದ್ದಾಗ ಮೇಷ್ಟ್ರ ಮನೆಯವರು ಕಾಫಿ ಕೊಡುತ್ತಾ ನಗುತ್ತಲೇ ಹೇಳಿದರು: "ನಾಟಕದವರು ಬಂದ ತಿಂಗಳು ನಮ್ಮನೆಗೆ ಸಂಬಳ ಬರ್ತಿರಲಿಲ್ಲಪ್ಪ." ಟಿಕೆಟ್ ಹಣ ಎಂದೂ ಸಾಲುತ್ತಿರಲಿಲ್ಲವಂತೆ, ಕೊರತೆಯನ್ನು ಪ್ರತಿ ಸಲ ಅವರೇ ತುಂಬಿಕೊಡುತ್ತಿದ್ದರಂತೆ. ನಾನು ಕಾಫಿ ಲೋಟ ನೋಡುತ್ತಾ ಕುಳಿತೆ. ಆಗಲೂ ಹೇಳಲಿಲ್ಲ.

ಸುಬ್ಬಣ್ಣ 2005ರ ಜುಲೈನಲ್ಲಿ ತೀರಿಕೊಂಡರು. ಅವರ ಮಗ ಕೆ.ವಿ. ಅಕ್ಷರ ಮತ್ತು ಜೊತೆಗಾರರು ಕೆಲಸ ಮುಂದುವರಿಸಿದರು, ತಿರುಗಾಟ ನಿಲ್ಲಲಿಲ್ಲ. ನಮ್ಮೂರಿನಲ್ಲಿ ಮಾತ್ರ ಮೇಷ್ಟ್ರು ನಿವೃತ್ತರಾದ ವರ್ಷಕ್ಕೇ ನಿಂತಿತು. ಇನ್ನೊಬ್ಬರು ಮುಂದೆ ಬರಲಿಲ್ಲ, ನಾವೂ ಬರಲಿಲ್ಲ.

ಸುವರ್ಣ ಮಹೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸೋಣ ಎಂದು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಮಾತು ಬಂತು. ನಾಟಕ ಆಗಲಿ ಎಂದು ನಾನು ಬರೆದೆ. ಜನ ಬರದಿದ್ದರೆ ಹಣ ಯಾರು ಕೊಡುತ್ತಾರೆ ಎಂದು ಒಬ್ಬ ಕೇಳಿದ, ಸರಿಯಾದ ಪ್ರಶ್ನೆಯೇ. ನನ್ನ ಹೆಸರಿಗೆ ಇಪ್ಪತ್ತು ಟಿಕೆಟ್ ಬರೆದುಕೊಳ್ಳಿ ಎಂದಿದ್ದೇನೆ. ಹಳೆಯ ಮೂರರ ಲೆಕ್ಕ ಬೇರೆ. ಈ ಸಂಚಿಕೆ ಮೇಷ್ಟ್ರ ಕೈ ಸೇರುವ ಮೊದಲೇ ಹೋಗಿ ಹೇಳಿ ಬರಬೇಕು.