ವಿದ್ಯುತ್ ವ್ಯತ್ಯಯದ ವೇಳೆ ಆನ್‌ಲೈನ್ ಅರ್ಜಿ ಸಲ್ಲಿಕೆ: ಲ್ಯಾಪ್‌ಟಾಪ್ ಬ್ಯಾಟರಿ, ಸ್ಲೀಪ್ ಮತ್ತು ಹೈಬರ್ನೇಟ್ ಕುರಿತು ಮಾಹಿತಿ

ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ಸಾರ್ವಜನಿಕರು ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ ಮುಂತಾದ ಸೇವೆಗಳಿಗೆ ನಾಡಕಚೇರಿ, ಸೇವಾ ಸಿಂಧು ಹಾಗೂ ರಾಜ್ಯ ವಿದ್ಯಾರ್ಥಿವೇತನ ಜಾಲತಾಣಗಳ ಮೂಲಕ ಮನೆಯಿಂದಲೇ ಅರ್ಜಿ ಸಲ್ಲಿಸಬಹುದಾಗಿದೆ. ಅರ್ಜಿಯನ್ನು ಅರ್ಧ ಭರ್ತಿ ಮಾಡಿರುವಾಗ ವಿದ್ಯುತ್ ಸ್ಥಗಿತಗೊಂಡು, ಬ್ಯಾಟರಿಯೂ ಮುಗಿದಲ್ಲಿ ಅದುವರೆಗಿನ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಕೊನೆಯ ದಿನಾಂಕದಂದು ಹೀಗಾದಲ್ಲಿ ಸೌಲಭ್ಯವೇ ತಪ್ಪಿಹೋಗುವ ಸಂಭವವಿರುತ್ತದೆ. ಆದ್ದರಿಂದ ಅರ್ಜಿದಾರರ ಅನುಕೂಲಕ್ಕಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಸ್ಲೀಪ್ ಮತ್ತು ಹೈಬರ್ನೇಟ್: ವ್ಯತ್ಯಾಸ

ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ಯಂತ್ರ ಬಂದ್ ಆಯಿತೆಂದು ಬಹಳಷ್ಟು ಜನರು ಭಾವಿಸುತ್ತಾರೆ. ವಾಸ್ತವವಾಗಿ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಆಗ ಯಂತ್ರವು ಸ್ಲೀಪ್ ಸ್ಥಿತಿಗೆ ಹೋಗುತ್ತದೆಯೇ ಹೊರತು ಬಂದ್ ಆಗುವುದಿಲ್ಲ. ಈ ಸ್ಥಿತಿಯಲ್ಲಿ ತೆರೆದಿರುವ ಕೆಲಸವೆಲ್ಲ ರ‍್ಯಾಮ್ ಎಂಬ ತಾತ್ಕಾಲಿಕ ಸ್ಮರಣೆಯಲ್ಲಿ ಉಳಿದಿರುತ್ತದೆ. ರ‍್ಯಾಮ್‌ಗೆ ವಿದ್ಯುತ್ ಸತತವಾಗಿ ಬೇಕು. ಆದುದರಿಂದ ಬ್ಯಾಟರಿ ನಿಧಾನವಾಗಿ ಕರಗುತ್ತಲೇ ಇರುತ್ತದೆ. ಅದು ಪೂರ್ತಿ ಮುಗಿದರೆ ಉಳಿಸದ ಕೆಲಸವೂ ಹೋಗುತ್ತದೆ.

ಹೈಬರ್ನೇಟ್ ಸ್ಥಿತಿಯಲ್ಲಿ ರ‍್ಯಾಮ್‌ನಲ್ಲಿರುವ ಎಲ್ಲವನ್ನೂ ಡಿಸ್ಕಿಗೆ ಬರೆದು ಯಂತ್ರವು ಆಫ್ ಆಗುತ್ತದೆ. ಬ್ಯಾಟರಿ ಬಹುತೇಕ ಖರ್ಚಾಗುವುದಿಲ್ಲ. ಮರಳಿ ಆರಂಭಿಸಲು ಸ್ವಲ್ಪ ಹೆಚ್ಚು ಸಮಯ ಹಿಡಿಯುತ್ತದೆ, ಆದರೆ ಬೆರಳಚ್ಚು ಮಾಡಿದ ಪತ್ರ, ತೆರೆದ ಕಡತಗಳು ಇದ್ದಂತೆಯೇ ದೊರೆಯುತ್ತವೆ. ಹತ್ತು ಹದಿನೈದು ನಿಮಿಷ ಎದ್ದುಹೋಗುವುದಿದ್ದರೆ ಸ್ಲೀಪ್ ಸಾಕು. ವಿದ್ಯುತ್ ಯಾವಾಗ ಬರುವುದೆಂದು ತಿಳಿಯದಿದ್ದಲ್ಲಿ ಹೈಬರ್ನೇಟ್ ಮಾಡುವುದೇ ಸೂಕ್ತ.

ವಿಂಡೋಸ್ ಇರುವ ಅನೇಕ ಯಂತ್ರಗಳಲ್ಲಿ ಹೈಬರ್ನೇಟ್ ಆಯ್ಕೆಯು ಮೊದಲಿಗೆ ಕಾಣಿಸುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆದು, ಎಡಬದಿಯಲ್ಲಿರುವ ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’ ಎಂಬುದನ್ನು ಒತ್ತಿ, ಅಲ್ಲಿ ಸದ್ಯ ಲಭ್ಯವಿಲ್ಲದ ಸೆಟ್ಟಿಂಗ್‌ಗಳನ್ನು ಬದಲಾಯಿಸುವ ಕೊಂಡಿಯನ್ನು ಆಯ್ದು, ಹೈಬರ್ನೇಟ್ ಮುಂದೆ ಗುರುತು ಹಾಕಿ ಸೇವ್ ಮಾಡತಕ್ಕದ್ದು. ಮುಚ್ಚಳ ಹಾಕಿದಾಗ ಯಂತ್ರ ಏನು ಮಾಡಬೇಕೆಂಬುದನ್ನೂ ಅದೇ ಪುಟದಲ್ಲಿ ನಿಗದಿಪಡಿಸಬಹುದು. ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟು ರಾಣೇಬೆನ್ನೂರಿನಿಂದ ಹಾವೇರಿಗೆ ರೈಲು ಅಥವಾ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗಳು ಇದನ್ನು ಅಗತ್ಯವಾಗಿ ಗಮನಿಸುವುದು. ಇತ್ತೀಚಿನ ಕೆಲವು ಯಂತ್ರಗಳು ಸ್ಲೀಪ್‌ನಲ್ಲಿದ್ದರೂ ಒಳಗೊಳಗೆ ಎಚ್ಚರಗೊಂಡು ಚೀಲದಲ್ಲಿಯೇ ಬಿಸಿಯಾಗುತ್ತವೆ. ಇಳಿಯುವ ಹೊತ್ತಿಗೆ ಬ್ಯಾಟರಿ ಬರಿದಾಗಿರುತ್ತದೆ.

ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದ ಅಂಶ

ಸ್ಲೀಪ್ ಆಗಲಿ ಹೈಬರ್ನೇಟ್ ಆಗಲಿ, ನಿಮ್ಮ ಯಂತ್ರದಲ್ಲಿರುವುದನ್ನು ಮಾತ್ರ ಕಾಪಾಡುತ್ತವೆ. ಜಾಲತಾಣದ ಲಾಗಿನ್ ಅನ್ನು ಕಾಪಾಡುವುದಿಲ್ಲ. ಸ್ವಲ್ಪ ಕಾಲ ಚಟುವಟಿಕೆ ಇಲ್ಲದಿದ್ದರೆ ಸರ್ವರ್ ತಾನಾಗಿಯೇ ಲಾಗಿನ್ ಕಡಿತಗೊಳಿಸುತ್ತದೆ. ಯಂತ್ರವನ್ನು ಮರಳಿ ತೆರೆದಾಗ ಭರ್ತಿ ಮಾಡಿದ ಅರ್ಜಿ ಪರದೆಯ ಮೇಲೆ ಕಾಣುತ್ತಿದ್ದರೂ, ಸಲ್ಲಿಸು ಎಂದು ಒತ್ತಿದಾಗ ಅದು ಸ್ವೀಕೃತವಾಗದಿರಬಹುದು. ಒಟಿಪಿಯ ಅವಧಿಯೂ ಅಷ್ಟರಲ್ಲಿ ಮುಗಿದಿರುತ್ತದೆ.

ಹೀಗಾಗಿ ಡ್ರಾಫ್ಟ್ ಆಗಿ ಉಳಿಸುವ ಸೌಲಭ್ಯವಿರುವ ಕಡೆ ಪ್ರತಿ ಹಂತದಲ್ಲಿಯೂ ಅದನ್ನು ಬಳಸುವುದು. ಅಂತಹ ಸೌಲಭ್ಯವಿಲ್ಲದಿದ್ದಲ್ಲಿ ವಿಳಾಸ, ಆರ್‌ಡಿ ಸಂಖ್ಯೆ, ಬ್ಯಾಂಕ್ ವಿವರ ಮುಂತಾದವುಗಳನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡು, ಸ್ಕ್ಯಾನ್ ಮಾಡಿದ ದಾಖಲೆಗಳನ್ನು ಒಂದೇ ಫೋಲ್ಡರಿನಲ್ಲಿ ಇಟ್ಟುಕೊಂಡು ಆರಂಭಿಸುವುದು. ಶುಲ್ಕ ಪಾವತಿಯ ನಡುವೆ ಯಂತ್ರ ಆಫ್ ಆದಲ್ಲಿ ಕೂಡಲೇ ಎರಡನೆಯ ಬಾರಿ ಹಣ ಪಾವತಿಸಬಾರದು. ಮೊದಲು ಅರ್ಜಿಯ ಸ್ಥಿತಿಯನ್ನೂ ಬ್ಯಾಂಕ್ ಖಾತೆಯನ್ನೂ ಪರಿಶೀಲಿಸತಕ್ಕದ್ದು. ವಿದ್ಯುತ್ ಹೋದಾಗ ಮನೆಯ ವೈಫೈ ರೌಟರ್ ಸಹ ಆಫ್ ಆಗುವುದರಿಂದ ಮೊಬೈಲ್ ಹಾಟ್‌ಸ್ಪಾಟನ್ನು ಸಿದ್ಧವಾಗಿಟ್ಟುಕೊಳ್ಳುವುದು ಒಳಿತು. ಯುಎಸ್‌ಬಿ ತಂತಿಯಿಂದ ಜೋಡಿಸಿದರೆ ಮೊಬೈಲು ಲ್ಯಾಪ್‌ಟಾಪಿನ ಬ್ಯಾಟರಿಯಿಂದಲೇ ಚಾರ್ಜ್ ಆಗುತ್ತದೆ ಎಂಬುದು ನೆನಪಿರಲಿ.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?

ಬ್ಯಾಟರಿಯ ಸಾಮರ್ಥ್ಯವನ್ನು ವ್ಯಾಟ್-ಅವರ್‌ಗಳಲ್ಲಿ ನಮೂದಿಸಲಾಗಿರುತ್ತದೆ. ಉದಾಹರಣೆಗೆ, 40 ವ್ಯಾಟ್-ಅವರ್ ಸಾಮರ್ಥ್ಯದ ಹೊಸ ಬ್ಯಾಟರಿ, 10 ವ್ಯಾಟ್ ಬಳಸುವ ಯಂತ್ರವನ್ನು 4 ಗಂಟೆ ನಡೆಸಬಲ್ಲದು. ಅದೇ ಬ್ಯಾಟರಿ ಹಳೆಯದಾಗಿ ಶೇ. 60ಕ್ಕೆ ಇಳಿದಿದ್ದು, ಪರದೆಯ ಬೆಳಕು ಪೂರ್ತಿ ಇಟ್ಟು 15 ವ್ಯಾಟ್ ಬಳಕೆಯಾದಲ್ಲಿ ಸುಮಾರು ಒಂದೂವರೆ ಗಂಟೆ ಮಾತ್ರ ದೊರೆಯುತ್ತದೆ. ಪರದೆಯ ಬೆಳಕನ್ನು ತಗ್ಗಿಸುವುದೇ ಎಲ್ಲಕ್ಕಿಂತ ಸುಲಭದ ಉಳಿತಾಯ. ಬ್ಯಾಟರಿ ಸೇವರ್ ತಾನಾಗಿ ಚಾಲನೆಗೊಳ್ಳುವವರೆಗೆ ಕಾಯದೆ, ವಿದ್ಯುತ್ ಹೋದ ಕೂಡಲೇ ಅದನ್ನು ಚಾಲನೆಗೊಳಿಸುವುದು.

ಬ್ಯಾಟರಿಯ ಬಾಳಿಕೆ

ಲಿಥಿಯಂ-ಅಯಾನ್ ಬ್ಯಾಟರಿಗೆ ಶಾಖವೇ ದೊಡ್ಡ ಶತ್ರು. ಸುತ್ತಲಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ಮೀರದಂತೆ ಬಳಸಲು ಅನೇಕ ತಯಾರಕರು ಸೂಚಿಸುತ್ತಾರೆ. ನಮ್ಮ ಭಾಗದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ತಗಡಿನ ಮಾಡಿನ ಕೆಳಗೆ ಇದನ್ನು ಪಾಲಿಸುವುದು ಕಷ್ಟಸಾಧ್ಯ. ಅರ್ಜಿ ಕೆಲಸವನ್ನು ಬೆಳಗಿನ ಹೊತ್ತಿನಲ್ಲಿ ಮುಗಿಸುವುದು ಉತ್ತಮ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ ಮಾರುಕಟ್ಟೆಯ ಸುತ್ತಮುತ್ತ ಲ್ಯಾಪ್‌ಟಾಪ್ ಬಳಸುವವರು ಗಾಳಿಕಿಂಡಿಗಳ ಧೂಳನ್ನು ಆಗಾಗ ತೆಗೆಸುವುದು. ಹಾಸಿಗೆ, ದಿಂಬಿನ ಮೇಲೆ ಇಟ್ಟು ಬಳಸಬಾರದು.

ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿ ಮತ್ತೆ ತುಂಬಿಸಬೇಕೆಂಬ ಸಲಹೆ ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಈಗಿನವುಗಳಿಗೆ ಶೇ. 20ರಿಂದ 80ರ ನಡುವಿನ ಬಳಕೆ ಹಿತಕರ. ಆದರೆ ಮರುದಿನ ವಿದ್ಯುತ್ ವ್ಯತ್ಯಯವಿರುವುದಾಗಿ ಹೆಸ್ಕಾಂ ಪ್ರಕಟಣೆ ಪತ್ರಿಕೆಯಲ್ಲಿ ಬಂದಿದ್ದರೆ, ಆ ರಾತ್ರಿ ಶೇ. 100ರವರೆಗೆ ತುಂಬಿಸಿಕೊಳ್ಳಲು ಹಿಂಜರಿಯಬೇಕಾಗಿಲ್ಲ.

ಬ್ಯಾಟರಿ ಉಬ್ಬಿ ಕೀಲಿಮಣೆ ಮೇಲೆದ್ದಿದ್ದರೆ ಅಥವಾ ಮುಚ್ಚಳ ಸರಿಯಾಗಿ ಕೂರದಿದ್ದರೆ ಚಾರ್ಜ್ ಮಾಡುವುದನ್ನು ತಕ್ಷಣ ನಿಲ್ಲಿಸತಕ್ಕದ್ದು. ಅದನ್ನು ಒತ್ತುವುದು, ಚುಚ್ಚುವುದು ಬೆಂಕಿಗೆ ಕಾರಣವಾಗಬಹುದು. ಹಳೆಯ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಹಾಕಬಾರದು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರಂತೆ ಬಳಕೆದಾರರು ಅದನ್ನು ಪ್ರತ್ಯೇಕವಾಗಿಟ್ಟು ಸಂಗ್ರಹಣೆ ಅಥವಾ ಮರುಬಳಕೆಯ ವ್ಯವಸ್ಥೆಗೆ ಒಪ್ಪಿಸಬೇಕಾಗಿರುತ್ತದೆ.

ಬ್ಯಾಟರಿ ಕೈಕೊಟ್ಟು ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ, ಅರ್ಜಿದಾರರು ಮೂಲ ದಾಖಲೆಗಳೊಂದಿಗೆ ಸಮೀಪದ ಗ್ರಾಮ ಒನ್ ಕೇಂದ್ರ ಅಥವಾ ನಾಡಕಚೇರಿಯನ್ನು ಸಂಪರ್ಕಿಸಿ, ಅಲ್ಲಿ ಲಭ್ಯವಿರುವ ಸೇವೆಗಳಿಗೆ ಅರ್ಜಿ ಸಲ್ಲಿಸಬಹುದು. ವಿದ್ಯುತ್ ಸರಬರಾಜಿಗೆ ಸಂಬಂಧಿಸಿದ ದೂರುಗಳಿಗೆ ಸಹಾಯವಾಣಿ 1912ಕ್ಕೆ ಕರೆ ಮಾಡುವುದು.